ಮಗಳು ಓದಿದ ಹೊಸತೊಡಕಿನ ಊಟ

2025ರಲ್ಲಿ ಯುಗಾದಿ ಭಾನುವಾರ ಬಂದಿತ್ತು. ನಾವಿರುವ ಈ ಪರದೇಶದಲ್ಲಿ ಹಬ್ಬ ಭಾನುವಾರ ಬಂತೆಂದರೆ ಎಲ್ಲರಿಗೂ ಖುಷಿ. ರಜೆ ಹಾಕುವ ತಲೆನೋವಿಲ್ಲ. ನಮ್ಮ ಸನ್ನಿವೇಲ್‌ನಲ್ಲಿ ಮಕ್ಕಳಿಗೆ ವಾರಕ್ಕೊಮ್ಮೆ ನಡೆಯುವ ಕನ್ನಡ ಕ್ಲಾಸಿನವರು ಅದೇ ದಿನ ಒಂದು ಹಾಲ್ ಬಾಡಿಗೆಗೆ ಹಿಡಿದು ಕಾರ್ಯಕ್ರಮ ಇಟ್ಟುಕೊಂಡಿದ್ದರು. ಪ್ರತಿ ಮಗುವೂ ‘ನಮ್ಮ ಮನೆಯ ಹಬ್ಬದ ಊಟ’ ಎಂಬ ವಿಷಯದ ಮೇಲೆ ಕನ್ನಡದಲ್ಲಿ ಒಂದು ಪುಟ ಬರೆದು, ವೇದಿಕೆಯ ಮೇಲೆ ಓದಬೇಕಿತ್ತು.

ನನ್ನ ಮಗಳು ಸಿರಿಗೆ ಆಗ ಹತ್ತು ವರ್ಷ. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅಂಥವಳು ಮೂರು ಸಂಜೆ ಅಡುಗೆಮನೆಯ ಮೇಜಿನ ಮುಂದೆ ಕೂತು, ಒತ್ತಕ್ಷರಗಳನ್ನು ನನ್ನ ಕೈಲಿ ಹತ್ತು ಸಲ ಹೇಳಿಸಿಕೊಂಡು, ಒಂದು ಪುಟ ಬರೆದಳು. ಏನು ಬರೀತೀಯ ಎಂದು ನಾನು ಕೇಳಲಿಲ್ಲ. ಒಬ್ಬಟ್ಟಿನ ಬಗ್ಗೆ ಇರಬಹುದು ಅಂದುಕೊಂಡೆ. ಹೋಗಿ ಕೊಟ್ಟು ಬಂದಳು.

ಮುಂದಿನ ವಾರ ಪುಟ ವಾಪಸ್ ಬಂತು. ಅದರಲ್ಲಿ ಒಂದು ಪದದ ಮೇಲೆ ಕೆಂಪು ಗೆರೆ ಎಳೆದಿತ್ತು. ಆಗಲೇ ನಾನು ಅದನ್ನು ಓದಿದ್ದು. ಅವಳು ಬರೆದಿದ್ದು ಹೊಸತೊಡಕಿನ ಬಗ್ಗೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ಮಂಡ್ಯ, ಮೈಸೂರು ಕಡೆ ಯುಗಾದಿಯ ದಿನ ಸಿಹಿ ಊಟ. ಮಾರನೆಯ ದಿನ ಹೊಸತೊಡಕು, ಅಂದರೆ ಬಾಡೂಟ. ಮಾಂಸಕ್ಕೆ ನಮ್ಮಲ್ಲಿ ಬಾಡು ಅನ್ನುತ್ತೇವೆ. ಆವತ್ತು ಏನು ಮಾಡುತ್ತೇವೋ ಅದೇ ವರ್ಷವಿಡೀ ನಡೆಯುತ್ತದೆ ಅನ್ನುವ ನಂಬಿಕೆ. ಅದಕ್ಕೇ ಆ ದಿನ ಎಲ್ಲರೂ ಒಂದೇ ಮನೆಯಲ್ಲಿ ಸೇರಿ ಹೊಟ್ಟೆ ತುಂಬಾ ಉಣ್ಣಬೇಕು.

ಕ್ಲಾಸು ನಡೆಸುವ ಸುಮಾ ಮೇಡಂಗೆ ಫೋನ್ ಮಾಡಿದೆ. ಅವರು ಕೆಟ್ಟವರಲ್ಲ. ಒಂದು ಡಾಲರ್ ಕೂಡ ತಗೊಳ್ಳದೆ ಆರು ವರ್ಷದಿಂದ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದಾರೆ.

“ತುಂಬಾ ಮುದ್ದಾಗಿ ಬರ್ದಿದಾಳೆ ಭಾಗ್ಯ. ಆದ್ರೆ ಎಲ್ಲ ತರದ ಜನ ಬರ್ತಾರೆ ನೋಡಿ. ಹಬ್ಬದ ದಿನ ಬೇರೆ. ಕೆಲವರಿಗೆ ಬೇಜಾರಾಗತ್ತೆ,” ಅಂದರು. “ಮತ್ತೆ ಬಾಡು ಅನ್ನೋದು ಮಕ್ಕಳಿಗೆ ಕಲಿಸೋ ಪದ ಅಲ್ಲ ಅಲ್ವಾ? ಬರೀ ಸಾರು ಅಂತ ಹಾಕಿಬಿಡಿ. ಯಾವ ಸಾರು ಅಂತ ಯಾರೂ ಕೇಳಲ್ಲ.”

ನಾನು “ಸರಿ ಮೇಡಂ” ಅಂದೆ. ಹೌದು, ಸರಿ ಅಂದೆ. ಆ ಮಾತು ಬಾಯಿಗೆ ಬರೋದಕ್ಕೆ ಒಂದು ಕ್ಷಣವೂ ಹಿಡಿಯಲಿಲ್ಲ.

ಅದಕ್ಕೆ ಕಾರಣವಿದೆ. ಈ ದೇಶಕ್ಕೆ ಬಂದ ಹೊಸದರಲ್ಲಿ, ಒಬ್ಬೊಬ್ಬರು ಒಂದೊಂದು ಅಡುಗೆ ತರುವ ಒಂದು ಪಾಟ್‌ಲಕ್ಕಿನಲ್ಲಿ, ಯಾರೋ ನನಗೆ “ನೀವು ನಾನ್‌ವೆಜ್ ತಿಂತೀರಾ? ನೋಡಿದ್ರೆ ಗೊತ್ತೇ ಆಗಲ್ಲ!” ಅಂದಿದ್ದರು. ನಾನು ಅದನ್ನು ಹೊಗಳಿಕೆ ಅಂತ ತಗೊಂಡು ಮನೆಗೆ ಬಂದಿದ್ದೆ. ನೆನೆಸಿಕೊಂಡರೆ ಇವತ್ತಿಗೂ ಮೈ ಉರಿಯುತ್ತದೆ. ಆಮೇಲಿನ ಹನ್ನೆರಡು ವರ್ಷ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹೊಸತೊಡಕು ನಡೆದದ್ದು ಹೀಗೆ: ಕಿಟಕಿಯ ಪರದೆ ಎಳೆಯುವುದು, ಚಿಮಣಿ ಫ್ಯಾನ್ ಜೋರಾಗಿ ಹಾಕುವುದು, ಬಾಗಿಲ ಹತ್ತಿರ ವಾಸನೆಯ ಮೇಣದಬತ್ತಿ ಹಚ್ಚಿಡುವುದು. ಕೆಳಗಿನ ಮನೆಯಲ್ಲೂ ಎದುರು ಮನೆಯಲ್ಲೂ ನಮ್ಮ ದೇಶದವರೇ ಇದ್ದರು, ವಾಸನೆಗೇ ಗೊತ್ತಾಗಿಬಿಡುತ್ತಿತ್ತು. ಗಂಡ ಶಿವು, ನಾನು, ಮಗಳು ಮೂವರೇ ಉಂಡು, ಪಾತ್ರೆ ತೊಳೆದು, ಏನೂ ಆಗಿಲ್ಲ ಅನ್ನುವ ಹಾಗೆ ಇದ್ದುಬಿಡುತ್ತಿದ್ದೆವು.

ಫೋನ್ ಇಟ್ಟು ಸಿರಿಗೆ ಹೇಳಿದೆ, “ಇದೊಂದು ಪದ ಬದಲಾಯಿಸೋಣ ಪುಟ್ಟ.”

ಅವಳು ಪೆನ್ಸಿಲ್ ಕೆಳಗಿಟ್ಟಳು. “ಅಮ್ಮ, ಈಸ್ ಇಟ್ ಎ ಬ್ಯಾಡ್ ಥಿಂಗ್? ಈಸ್ ದಟ್ ವೈ ವಿ ಕ್ಲೋಸ್ ದ ಕರ್ಟನ್ಸ್?”

ಅವಳು ಗಮನಿಸಿರುತ್ತಾಳೆ ಅಂತ ನಾನು ಅಂದುಕೊಂಡಿರಲೇ ಇಲ್ಲ. ನನ್ನ ಅಜ್ಜಿ ನನಗೆ ಬಿಟ್ಟುಹೋದ ಹಬ್ಬವನ್ನು ನಾನು ನನ್ನ ಮಗಳಿಗೆ ಕಳ್ಳತನದ ಹಾಗೆ ಕಲಿಸಿಟ್ಟಿದ್ದೆ.

ಮತ್ತೆ ಫೋನ್ ಮಾಡಿದೆ. “ಮೇಡಂ, ಅವಳು ಬರ್ದಿದ್ದನ್ನೇ ಓದ್ತಾಳೆ. ಒಂದಕ್ಷರ ಬದಲಾಗಲ್ಲ,” ಅಂದೆ.

“ಹಾಗಾದ್ರೆ ಸಿರಿ ಹೆಸರು ಈ ಸಲ ಬಿಡೋಣ. ಮುಂದಿನ ಸಲ ಫಸ್ಟ್ ಅವಳದ್ದೇ ಹಾಕೋಣ,” ಅಂದರು.

ಶಿವುಗೆ ಹೇಳಿದೆ. ಅವರ ಆಫೀಸಿನಲ್ಲಿ ಅವರಿಗಿಂತ ಮೇಲಿನ ಕೆಲಸದಲ್ಲಿದ್ದ ಒಬ್ಬರು ಆ ಕ್ಲಾಸಿನ ಕಮಿಟಿಯಲ್ಲಿದ್ದರು. ಅದು ಅವರ ಚಿಂತೆ. “ಎಲ್ಲ ಗೊತ್ತಿರೋ ಮುಖಗಳು ಭಾಗ್ಯ. ಒಂದು ಪದಕ್ಕೋಸ್ಕರ ಯಾಕೆ ಗಲಾಟೆ? ಈ ಸಲ ಹೋಗೋದೇ ಬೇಡ,” ಅಂದರು.

“ಹೋಗೋದೇ,” ಅಂದೆ. “ಹೆಸರು ಹೊಡೆದು ಹಾಕಿದಾರೆ, ಬರಬೇಡಿ ಅಂದಿಲ್ವಲ್ಲ.”

ಭಾನುವಾರ ಬೆಳಿಗ್ಗೆ ಬೇವು-ಬೆಲ್ಲ ತಿಂದು, ಸಿರಿಗೆ ರೇಷ್ಮೆ ಲಂಗ ತೊಡಿಸಿ ಹೊರಟೆವು. ಅವಳ ಪುಟವನ್ನು ಮಡಿಸಿ ನನ್ನ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೆ. ಹಾಲ್‌ನಲ್ಲಿ ನೂರಕ್ಕೂ ಹೆಚ್ಚು ಜನ. ಮಕ್ಕಳು ಒಬ್ಬೊಬ್ಬರೇ ಬಂದು ಓದಿದರು. ಒಬ್ಬಟ್ಟು, ಪಾಯಸ, ಮಾವಿನಕಾಯಿ ಚಿತ್ರಾನ್ನ. ನಿಜಕ್ಕೂ ಚೆನ್ನಾಗಿ ಓದಿದರು, ನಾನೂ ಚಪ್ಪಾಳೆ ತಟ್ಟಿದೆ. ಸಿರಿ ನನ್ನ ಪಕ್ಕದಲ್ಲಿ ಕೈ ಕಟ್ಟಿಕೊಂಡು ಕೂತಿದ್ದಳು. ಶಿವು ಹಿಂದಿನ ಸಾಲಿನಲ್ಲಿ, ಬಾಗಿಲಿನ ಹತ್ತಿರ.

ಮಕ್ಕಳದ್ದು ಮುಗಿದ ಮೇಲೆ ನಿರೂಪಣೆ ಮಾಡುತ್ತಿದ್ದ ಹುಡುಗಿ ವಾಡಿಕೆಯಂತೆ ಕೇಳಿದಳು, “ಪೇರೆಂಟ್ಸ್ ಯಾರಾದ್ರೂ ನಿಮ್ಮ ಬಾಲ್ಯದ ಹಬ್ಬದ ನೆನಪು ಹಂಚ್ಕೋತೀರಾ? ಎರಡೇ ನಿಮಿಷ.”

ನಾನು ಎದ್ದುಬಿಟ್ಟೆ. ಸುಮಾ ಮೇಡಂ ಮುಂದಿನ ಸಾಲಿನಿಂದ ತಿರುಗಿ ನೋಡಿದರು. ಡೇಕೇರ್‌ನಲ್ಲಿ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಮಾಡಿ, ಅವರ ಜೊತೆ ಮಾತಾಡಿ ಅಭ್ಯಾಸವಿರುವವಳು ನಾನು, ಮೈಕ್ ಹಿಡಿದವಳಲ್ಲ. ಆದರೂ ಬಾಯಿಗೆ ಮಾತು ತಾನಾಗಿ ಬಂತು.

ನಾನು ಹೇಳಿದ್ದು ಇಷ್ಟು. ನಮ್ಮದು ಮಳವಳ್ಳಿ ಕಡೆಯ ಊರು. ಹೊಸತೊಡಕಿನ ದಿನ ನಮ್ಮ ಅಜ್ಜಿ ಕೆಂಪಮ್ಮನ ಮನೆಯಲ್ಲಿ ಮೂವತ್ತು ಎಲೆ ಬೀಳುತ್ತಿತ್ತು. ಅತ್ತೆಯರು, ಚಿಕ್ಕಪ್ಪಂದಿರು, ಅವರ ಮಕ್ಕಳು, ಬೆಂಗಳೂರಿಗೆ ಮದುವೆಯಾಗಿ ಹೋದ ಅಕ್ಕ, ಎಲ್ಲರೂ ಬರುತ್ತಿದ್ದರು. ಬೆಳಿಗ್ಗೆಯೇ ಚಿಕ್ಕಪ್ಪ ಊರಿನ ಆಲದ ಮರದ ಕೆಳಗೆ ಹೋಗಿ, ಎಲ್ಲರೂ ಸೇರಿ ಕಡಿದ ಕುರಿಯಲ್ಲಿ ನಮ್ಮ ಪಾಲಿನ ಬಾಡನ್ನು ತರುತ್ತಿದ್ದರು. ಚಿಕ್ಕಮ್ಮಂದಿರು ಒರಳುಕಲ್ಲಿನಲ್ಲಿ ಖಾರ ರುಬ್ಬುತ್ತಾ ಒಬ್ಬರನ್ನೊಬ್ಬರು ರೇಗಿಸುತ್ತಿದ್ದರು. ಮೂವತ್ತು ಜನಕ್ಕೆ ಮುದ್ದೆ ತಿರುವುವುದೆಂದರೆ ಒಬ್ಬರು ಪಾತ್ರೆ ಹಿಡಿಯಬೇಕು, ಇನ್ನೊಬ್ಬರು ಎರಡೂ ಕೈಯಲ್ಲಿ ಕೋಲು ಹಿಡಿಯಬೇಕು. ನಮಗೆ ಮಕ್ಕಳಿಗೆ ಊಟಕ್ಕೆ ಮೊದಲೇ ಬೆಂದ ಲಿವರ್ ಚೂರು ಉಪ್ಪು ಹಾಕಿ ಕೈಗೆ ಕೊಡುತ್ತಿದ್ದರು. ಪಂಕ್ತಿಯಲ್ಲಿ ಮೊದಲು ಕೂರುವವರು ಮಕ್ಕಳು ಮತ್ತು ಅಡುಗೆ ಮಾಡಿದ ಹೆಂಗಸರು. ಅದು ಅಜ್ಜಿಯ ಕಾನೂನು. ಗಂಡಸರು ಗೊಣಗಿದರೆ “ಬೆಂಕಿ ಮುಂದ್ ಕುಂತೋರು ಮೊದ್ಲು ಉಣ್ಲಿ, ನಿಮ್ ಹೊಟ್ಟೆ ಹಾರೋಗಾಕಿಲ್ಲ” ಅನ್ನುತ್ತಿದ್ದಳು.

ನನಗೆ ಒಂಬತ್ತು ವರ್ಷ ಇದ್ದಾಗ ಶಾಲೆಗೆ ಹೊಸ ಹೆಡ್‌ಮೇಷ್ಟ್ರು ಬಂದಿದ್ದರು. ಒಂದು ದಿನ ಕ್ಲಾಸಿನಲ್ಲಿ “ಯಾರ್ಯಾರ ಮನೆಯಲ್ಲಿ ಮಾಂಸ ತಿಂತೀರಿ, ಕೈ ಎತ್ತಿ” ಅಂದರು. ಅವರ ದನಿಯಲ್ಲೇ ಏನೋ ಇತ್ತು. ನಾನು ಕೈ ಎತ್ತಲಿಲ್ಲ. ಆ ವಾರವೇ ಹೊಸತೊಡಕು. ಎಲೆ ಹಾಕಿ ಬಡಿಸುತ್ತಿದ್ದಾಗ ಅದೇ ಮೇಷ್ಟ್ರು ನಮ್ಮ ಬೀದಿಯಲ್ಲಿ ಬರುವುದು ಕಾಣಿಸಿತು. ಓಡಿಹೋಗಿ ಬೀದಿ ಬಾಗಿಲು ಮುಚ್ಚಿದೆ.

ಅಜ್ಜಿ ಸೌಟು ಹಿಡಿದುಕೊಂಡೇ ಬಂದಳು. “ಕದ ಯಾಕೆ ಹಾಕ್ದೆ? ನಾವೇನು ಕದ್ ತಂದ್ ಉಣ್ತಿದ್ದೀವಾ?” ಅಂದವಳೇ ಎರಡೂ ಬಾಗಿಲನ್ನು ಗೋಡೆಗೆ ಬಡಿಯುವ ಹಾಗೆ ತೆಗೆದಳು. ಬೀದಿಗೆ ಕೇಳುವ ಹಾಗೆ ಕೂಗಿದಳು, “ಮೇಷ್ಟ್ರೇ, ಬನ್ನಿ, ಹೊಸತೊಡಕು! ನೀವು ಬಾಡು ಉಣ್ಣಾಕಿಲ್ಲ ಅಂತ ಗೊತ್ತು. ನಿಮ್ಗೆ ಬಾಳೆಹಣ್ಣು, ಎಳನೀರು ಮಡಗಿವ್ನಿ.”

ಮೇಷ್ಟ್ರು ಜಗಲಿಯ ಮೇಲೆ ಕೂತು ಎರಡು ಬಾಳೆಹಣ್ಣು ತಿಂದು ಎಳನೀರು ಕುಡಿದರು. “ಓಹೋ, ಇದು ನಿಮ್ಮನೆಯೇನಮ್ಮ?” ಅಂತ ನನ್ನನ್ನು ಕೇಳಿದರು. ನಾನು ತಲೆ ತಗ್ಗಿಸಿದೆ. ಅವರು ಹೋದ ಮೇಲೆ ಅಜ್ಜಿ ನನ್ನನ್ನು ಬೈಯಲಿಲ್ಲ. ಗದ್ದ ಹಿಡಿದೆತ್ತಿ, “ಉಣ್ಣಾಕ್ ನಾಚ್ಕಂಡೋರು ಬದುಕಾಕೂ ನಾಚ್ಕತಾರೆ ಕಣವ್ವ” ಅಂದು, ನನ್ನ ಎಲೆಗೆ ಇನ್ನೊಂದು ಸೌಟು ಸಾರು ಹಾಕಿದಳು.

ಇಷ್ಟು ಹೇಳಿ, ಹಾಲ್‌ನಲ್ಲಿ ಕೂತವರನ್ನು ನೋಡಿದೆ. ಒಬ್ಬರು ಮೊಬೈಲ್ ನೋಡುತ್ತಿದ್ದರು. ನಡುವಿನ ಸಾಲಿನಿಂದ ಒಂದು ಕುಟುಂಬ ಎದ್ದು ಹೊರಗೆ ಹೋಯಿತು. ಮಗುವಿನ ಕೈ ಹಿಡಿದು ಎಳೆದುಕೊಂಡೇ ಹೋದರು. ಯಾಕೋ ಗೊತ್ತಿಲ್ಲ, ಅವರು ಹೋದದ್ದೇ ನನಗೆ ಧೈರ್ಯ ಕೊಟ್ಟಿತು.

“ಈ ಊರಿಗೆ ಬಂದು ಹನ್ನೆರಡು ವರ್ಷ ನಾನು ಮತ್ತೆ ಬಾಗಿಲು ಹಾಕ್ಕೊಂಡು ಉಂಡಿದೀನಿ. ಯಾರೂ ಹಾಕು ಅಂದಿರ್ಲಿಲ್ಲ. ನಾನೇ ಹಾಕ್ಕೊಂಡೆ. ನನ್ನ ಮಗಳು ಅದನ್ನ ಕಲೀಬಾರ್ದು. ನೀವು ಒಬ್ಬಟ್ಟು ಉಣ್ಣಿ, ನಾವೂ ಉಣ್ತೀವಿ. ನಾವು ಬಾಡು ಉಂಡ್ರೆ ನೀವು ಉಣ್ಣಬೇಕಾಗಿಲ್ಲ. ಆದ್ರೆ ಅದೂ ಕನ್ನಡದೋರ ಹಬ್ಬದ ಊಟಾನೇ. ಬಾಡು ಅನ್ನೋದೂ ಕನ್ನಡಾನೇ. ಸಿರಿ, ಬಾ, ನಿನ್ನ ಪುಟ ಓದು,” ಅಂದೆ.

ಅವಳು ಬಂದಳು. ನಾನು ಮೈಕನ್ನು ಅವಳ ಎತ್ತರಕ್ಕೆ ಇಳಿಸಿದೆ. ಅವಳು ಓದಿದಳು:

“ನಮ್ಮ ಮನೆಯ ಹಬ್ಬದ ಊಟ. ಯುಗಾದಿ ಆದ ಮೇಲೆ ಹೊಸತೊಡಕು ಬರುತ್ತದೆ. ಅಪ್ಪ ಮುದ್ದೆ ಮಾಡುತ್ತಾನೆ. ಮುದ್ದೆಯನ್ನು ಅಗಿಯಬಾರದು, ನುಂಗಬೇಕು. ನಾನು ಅಗಿಯುತ್ತೇನೆ. ಅಪ್ಪನಿಗೆ ಕೋಪ ಬರುತ್ತದೆ. ಅಮ್ಮ...”

ಅಲ್ಲಿ ನಿಂತಳು. ಕೆಂಪು ಗೆರೆ ಎಷ್ಟು ದಪ್ಪವಾಗಿತ್ತೆಂದರೆ ಅವಳದೇ ಅಕ್ಷರ ಅವಳಿಗೇ ಕಾಣಲಿಲ್ಲ. ಪುಟವನ್ನು ಕಣ್ಣಿನ ಹತ್ತಿರ ತಂದಳು. ನನ್ನ ಕಡೆ ನೋಡಿದಳು. ನಾನು ಬಗ್ಗಿ ಅವಳ ಕಿವಿಯಲ್ಲಿ ಹೇಳಬೇಕು ಅನ್ನುವಷ್ಟರಲ್ಲಿ, ಹಿಂದಿನ ಸಾಲಿನಿಂದ ಒಂದು ಗಂಡುದನಿ ಬಂತು.

“ಬಾಡಿನ ಸಾರು!”

ಶಿವು ಎದ್ದು ನಿಂತಿದ್ದರು. ಹೋಗೋದೇ ಬೇಡ ಅಂದಿದ್ದ ಮನುಷ್ಯ. ಅವರ ಆಫೀಸಿನ ಆ ಮೇಲಿನವರು ಎರಡೇ ಕುರ್ಚಿ ಆಚೆ ಕೂತಿದ್ದರು. ಅವರ ಕಡೆ ತಿರುಗಿಯೂ ನೋಡದೆ ಶಿವು ಇನ್ನೊಂದು ಸಲ, ಊರಿನಲ್ಲಿ ಹೊಲದ ಆಚೆ ಇರುವವರನ್ನು ಕೂಗುವ ಹಾಗೆ, “ಬಾಡಿನ ಸಾರು ಮಾಡುತ್ತಾಳೆ, ಓದು ಮಗ!” ಅಂದರು.

ಮಕ್ಕಳು ಮೊದಲು ನಕ್ಕರು. ಆಮೇಲೆ ಕೆಲವು ದೊಡ್ಡವರೂ ನಕ್ಕರು. ಸಿರಿ ಗಂಟಲು ಸರಿಮಾಡಿಕೊಂಡು ಓದಿದಳು, “ಅಮ್ಮ ಬಾಡಿನ ಸಾರು ಮಾಡುತ್ತಾಳೆ. ಅದು ಪ್ರಪಂಚದ ಬೆಸ್ಟ್ ಸಾರು. ಧನ್ಯವಾದಗಳು.” ಎಲ್ಲರೂ ಚಪ್ಪಾಳೆ ತಟ್ಟಿದರು ಅಂತ ಬರೆದರೆ ಸುಳ್ಳಾಗುತ್ತದೆ. ಅರ್ಧದಷ್ಟು ಜನ ತಟ್ಟಿರಬಹುದು.

ಕಾರಿನ ಹತ್ತಿರ ಸುಮಾ ಮೇಡಂ ಬಂದರು. ಮುಖ ಕೆಂಪಾಗಿತ್ತು. “ನನ್ನ ಒಂದು ಮಾತು ಕೇಳಿ ಮಾಡಬೇಕಿತ್ತು ಭಾಗ್ಯ,” ಅಂದರು.

“ಕೇಳಿದ್ನಲ್ಲ ಮೇಡಂ. ನೀವು ಬೇಡ ಅಂದ್ರಿ,” ಅಂದೆ.

ಅವರು ತಿರುಗಿ ಹೊರಟುಹೋದರು. ನಾವು ಕಾರು ಹತ್ತುವಷ್ಟರಲ್ಲಿ ಇನ್ನೊಬ್ಬಳು ಓಡಿಬಂದಳು. ಇಪ್ಪತ್ತಾರು, ಇಪ್ಪತ್ತೇಳು ವರ್ಷದ ಹುಡುಗಿ. ಹೆಸರು ಚೈತ್ರ, ಹಾಸನದ ಕಡೆಯವಳು, ಪಕ್ಕದೂರು ಪಾಲೋ ಆಲ್ಟೋದಲ್ಲಿ ಕೆಲಸ. ಅವಳನ್ನು ನಾನು ಮೊದಲು ನೋಡೇ ಇರಲಿಲ್ಲ. ಏದುಸಿರು ಬಿಡುತ್ತಾ ಕೇಳಿದಳು, “ಅಕ್ಕಾ, ನಾಳೆ ನಿಮ್ಮನೆಗೆ ಊಟಕ್ಕೆ ಬರ್ಲಾ? ನಾಲ್ಕು ವರ್ಷ ಆಯ್ತು ಹೊಸತೊಡಕು ಮಾಡಿ. ರೂಮ್‌ಮೇಟ್ ಅಡುಗೆಮನೆಗೆ ಬಾಡು ತರೋಕೆ ಬಿಡಲ್ಲ.”

“ಬಾ ಕಣೇ, ಇದಕ್ಕೆ ಕೇಳ್ಬೇಕಾ?” ಅಂದೆ.

ಸೋಮವಾರ ಡೇಕೇರ್‌ನಿಂದ ಅರ್ಧ ದಿನ ರಜೆ ಕೇಳಿ ಬಂದೆ. ಕಿಟಕಿ ತೆಗೆದಿಟ್ಟೇ ಖಾರ ಹುರಿದೆ. ಘಾಟು ಎಷ್ಟಿತ್ತೆಂದರೆ ಕೆಳಗಡೆ ಯಾರೋ ಕೆಮ್ಮಿದರು. ಕೆಮ್ಮಲಿ ಅಂದುಕೊಂಡೆ. ಸಂಜೆ ಚೈತ್ರ ಒಬ್ಬಳೇ ಬರಲಿಲ್ಲ. ಇನ್ನೂ ಮೂವರನ್ನು ಕರಕೊಂಡು, “ಇವರದ್ದೂ ಇದೇ ಕಥೆ ಅಕ್ಕ” ಅನ್ನುತ್ತಾ ಬಂದಳು. ಕುರ್ಚಿ ಸಾಲದೆ ನೆಲದ ಮೇಲೆ ಕೂತೆವು. ಚೈತ್ರ ಮೊದಲ ತುತ್ತು ನುಂಗಿ, ಎಡಗೈಯಲ್ಲಿ ಕಣ್ಣು ಒರೆಸಿಕೊಂಡು, “ಖಾರ” ಅಂದಳು. ನಾನು ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದೆ.

ಆಮೇಲೆ ಕ್ಲಾಸಿನ ವಾಟ್ಸಾಪ್ ಗುಂಪಿನಲ್ಲಿ ಯಾರೋ ಸಂಸ್ಕಾರದ ಬಗ್ಗೆ ಉದ್ದಕ್ಕೆ ಬರೆದರು. ನಾನು ಉತ್ತರ ಕೊಡಲಿಲ್ಲ. ಶಿವು ಆಫೀಸಿನ ಆ ಮೇಲಿನವರು ಎರಡು ವಾರ ಬಿಗುವಾಗಿದ್ದು, ಆಮೇಲೆ ಮೊದಲಿನಂತೆ ಆದರು. ಕೆಲವರು ಅಂಗಡಿಯಲ್ಲಿ ಎದುರಾದರೆ ಈಗಲೂ ತರಕಾರಿ ನೋಡುವ ಹಾಗೆ ಮಾಡುತ್ತಾರೆ. ನೋಡಲಿ.

ಸುಮಾ ಮೇಡಂ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಮಗಳಿಗೆ ಅಕ್ಷರ ಕಲಿಸಿದವರು ಅವರು. ಆ ಅಕ್ಷರದಲ್ಲಿ ಅವಳು ಏನು ಬರೆಯಬೇಕು ಅನ್ನುವುದನ್ನು ಮಾತ್ರ ಅವರು ಹೇಳುವ ಹಾಗಿಲ್ಲ. ಇಷ್ಟೆಲ್ಲ ಆದ ಮೇಲೆ ಬೇರೆ ಕ್ಲಾಸಿಗೆ ಸೇರಿಸಿ ಎಂದು ಸ್ನೇಹಿತರು ಹೇಳಿದರು. ಇಲ್ಲಿಂದ ಮುಕ್ಕಾಲು ಗಂಟೆ ದೂರದ ಡಬ್ಲಿನ್‌ನಲ್ಲಿ ಒಂದಿದೆಯಂತೆ, ಚೆನ್ನಾಗಿದೆಯಂತೆ. ನಾವು ಸೇರಿಸಲಿಲ್ಲ. ನಾವ್ಯಾಕೆ ಬಿಡಬೇಕು? ಸಿರಿ ಈಗಲೂ ಅದೇ ಕ್ಲಾಸಿಗೆ ಹೋಗುತ್ತಾಳೆ. ಮೊದಲ ಬೆಂಚಿನಲ್ಲೇ ಕೂರುತ್ತಾಳೆ.