ಒಣಗಿಯೇ ಇದ್ದ ತಲೆ

ಭಾನುವಾರ ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷ. ಅವಳಿ ಹೆಣ್ಣುಮಕ್ಕಳಿಬ್ಬರಿಗೂ ದೀಕ್ಷಾಸ್ನಾನ ಮುಗಿದಿತ್ತು. ಒಂದು ಮಗುವಿನ ತಲೆ ಒಣಗಿಯೇ ಇತ್ತು.

ಅದನ್ನು ಕಂಡವರು ಒಬ್ಬರೇ. ಮೂವತ್ತಾರು ವರ್ಷಗಳ ಸೇವೆ ಮುಗಿಸಿ ಈ ತಿಂಗಳು ನಿವೃತ್ತರಾಗುತ್ತಿರುವ, ಸಭೆಯ ಹಿರಿಯರಿಂದ ಹಿಡಿದು ಭಾನುವಾರದ ಶಾಲೆಯ ಮಕ್ಕಳವರೆಗೆ ಎಲ್ಲರೂ ನೀರಮ್ಮ ಎಂದೇ ಕರೆಯುವ, ಕ್ರೈಸ್ತ ದೇವಾಲಯದ ಸೇವಕಿ. ಬೋಧಕರನ್ನು ಅಭಿನಂದಿಸುವ ಸಂಪುಟಗಳು ಈ ಸಭೆಯಲ್ಲಿ ಹಿಂದೆಯೂ ಬಂದಿವೆ. ನೀರು ಕಾಯಿಸಿದವರಿಗಾಗಿ ಒಂದು ಸಂಪುಟ ಬರುತ್ತಿರುವುದು ಇದೇ ಮೊದಲು. ಆದರೆ ದೀಕ್ಷಾಸ್ನಾನಕ್ಕೆ ಬೇಕಾದವು ಎರಡೇ, ನೀರು ಮತ್ತು ಮಾತು. ಮಾತನ್ನು ಈ ಅವಧಿಯಲ್ಲಿ ಐದು ಮಂದಿ ಬೋಧಕರು, ಸಭೆಯವರ ಬಾಯಲ್ಲಿ ಅಯ್ಯನವರು, ಒಬ್ಬರಾದ ಮೇಲೆ ಒಬ್ಬರು ಬಂದು ಆಡಿದ್ದಾರೆ. ನೀರು ಮಾತ್ರ ಒಂದೇ ಕೈಯಿಂದ ಬಂದಿದೆ.

ಆ ಕೈಯ ಕೆಲಸ ಹೀಗೆ. ಶನಿವಾರ ಸಂಜೆ ಕಲ್ಲಿನ ತೊಟ್ಟಿಯೊಳಗಿನ ಹಿತ್ತಾಳೆ ಬೋಗುಣಿಯನ್ನು ಉಜ್ಜಿ ಮಗುಚಿಡುವುದು. ಭಾನುವಾರ ಎಂಟೂವರೆಗೆ ಉಡುಪಿನ ಕೋಣೆಯ ಒಲೆಯ ಮೇಲೆ ನೀರು ಕಾಯಿಸುವುದು. ಬಿಸಿಯನ್ನು ಬೆರಳಿನಿಂದಲ್ಲ, ಮೊಣಕೈಯಿಂದ ನೋಡುವುದು. ದುಡಿದ ಬೆರಳಿಗೆ ಬಿಸಿಯ ಲೆಕ್ಕ ತಪ್ಪಿರುತ್ತದೆ. ಅಯ್ಯನವರು ನೀರು ಹಾಕಿದ ಕೂಡಲೇ ಮಗುವಿನ ತಲೆ ಒರೆಸಿ ಟೊಪ್ಪಿಗೆ ಕಟ್ಟುವುದು. ಎಲ್ಲ ಮುಗಿದ ಮೇಲೆ ಆ ನೀರನ್ನು ಚರಂಡಿಗೆ ಬಿಡದೆ ಹಿಂಬಾಗಿಲ ಬಳಿಯ ಮಣ್ಣಿಗೆ ಸುರಿಯುವುದು.

ಮೂವತ್ತಾರು ವರ್ಷಗಳ ಹಿಂದೆ, ಆ ಅವಳಿಗಳು ಬಂದಾಗ, ನೀರಮ್ಮ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ವಯಸ್ಸು ಇಪ್ಪತ್ತನಾಲ್ಕು. ಒಂದು ವರ್ಷ ನೋಡಿ ಆಮೇಲೆ ಖಾಯಂ ಮಾಡೋಣವೆಂದು ಕಮಿಟಿಯವರು ಹೇಳಿದ್ದರು. ಮಕ್ಕಳಲ್ಲಿ ಹಿರಿಯದು ಗಟ್ಟಿಮುಟ್ಟು. ಕಿರಿಯದು ಅಂಗೈಯಗಲದ ಕೂಸು. ಆಸ್ಪತ್ರೆಯವರು ಭರವಸೆಯ ಮಾತು ಆಡಿರಲಿಲ್ಲ. ಅದಕ್ಕಾಗಿಯೇ ತಾಯಿ, ಬಾಣಂತನದ ನಿತ್ರಾಣದಲ್ಲೂ, ತಡಮಾಡದೆ ದಿನ ಗೊತ್ತುಮಾಡಿಸಿದ್ದರು.

ದಪ್ಪ ಬಿಳಿ ಶಾಲಿನಲ್ಲಿ ಸುತ್ತಿದರೆ ಎರಡೂ ಒಂದೇ ಗಾತ್ರ ಕಾಣುತ್ತಿದ್ದವು. ಹಿರಿಯ ಮಗುವನ್ನು ದೊಡ್ಡಮ್ಮ ಎತ್ತಿಕೊಂಡಿದ್ದರು, ಕಿರಿಯದನ್ನು ಚಿಕ್ಕಮ್ಮ. ಮೊದಲು ಹಿರಿಯದಕ್ಕೆ ನೀರು ಬಿತ್ತು. ಅದು ದೇವಾಲಯವೇ ಹಾರಿಹೋಗುವಂತೆ ಅತ್ತಿತು. ನೀರಮ್ಮ ಒರೆಸಿ ಟೊಪ್ಪಿಗೆ ಕಟ್ಟಿದರು. ದೊಡ್ಡಮ್ಮನ ಕೈಯಲ್ಲಿ ಅಳು ನಿಲ್ಲಲಿಲ್ಲ. ಚಿಕ್ಕಮ್ಮ ಅದನ್ನು ತೆಗೆದುಕೊಂಡು ಮಲಗಿದ್ದ ಕಿರಿಯ ಕೂಸನ್ನು ದೊಡ್ಡಮ್ಮನಿಗೆ ಕೊಟ್ಟರು. ಅಷ್ಟರಲ್ಲಿ ಅಯ್ಯನವರು ಎರಡನೆಯ ಹೆಸರು ಕರೆದರು. ಗೊತ್ತುಮಾಡಿದ್ದಂತೆ ಚಿಕ್ಕಮ್ಮ ಮುಂದೆ ಬಂದರು. ಕೈಯಲ್ಲಿದ್ದದ್ದು ಮತ್ತೆ ಹಿರಿಯದೇ. ಅಯ್ಯನವರ ಕಣ್ಣಿಗೆ ಪೊರೆ ಬಂದಿತ್ತು. ಮಾತು ಬಾಯಿಪಾಠವಾಗಿದ್ದುದರಿಂದ ಅದು ಯಾರಿಗೂ ತಿಳಿಯುತ್ತಿರಲಿಲ್ಲ. ಅವರು ಮೂರು ಸಲ ನೀರು ಹಾಕಿದರು.

ಮಗು ಟವೆಲಿಗೆ ಬಂದಾಗ ನೀರಮ್ಮ ಗಂಟು ನೋಡಿದರು. ಚಿಕ್ಕಮ್ಮ ಅವಸರದಲ್ಲಿ ಬಿಚ್ಚದೆ ಟೊಪ್ಪಿಗೆಯನ್ನು ಹಿಂದಕ್ಕೆ ಸರಿಸಿದ್ದರು. ತಾವೇ ಎರಡು ಸುತ್ತು ಹಾಕಿ ಎಡಕ್ಕೆ ಎಳೆದ ಗಂಟು. ಹಿಂದೆ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಮೂಟೆ ಕಟ್ಟಿ ಕಲಿತದ್ದು, ಆ ದೇವಾಲಯದಲ್ಲಿ ಮತ್ತೆ ಯಾರಿಗೂ ಬಾರದ್ದು. ನೀರಮ್ಮ ಏನೂ ಆಗದವರಂತೆ ದೊಡ್ಡಮ್ಮನ ಪಕ್ಕಕ್ಕೆ ಹೋಗಿ ಮಲಗಿದ್ದ ಕೂಸಿನ ಟೊಪ್ಪಿಗೆಯೊಳಗೆ ಎರಡು ಬೆರಳು ಹಾಕಿದರು. ಬೆಚ್ಚಗಿತ್ತು. ಒಂದು ಹನಿಯೂ ಇರಲಿಲ್ಲ.

ಕೀರ್ತನೆ ಶುರುವಾಯಿತು. ನಾಲ್ಕು ಚರಣಗಳಷ್ಟು ಹೊತ್ತು ನೀರಮ್ಮ ಬೋಗುಣಿ ಹಿಡಿದು ಹಿಂಬಾಗಿಲಲ್ಲಿ ನಿಂತರು. ಎತ್ತರದ ಕಿಟಕಿಯ ಬೆಳಕು ಬೋಗುಣಿಗೆ ಬಿದ್ದು, ಅಲ್ಲಿಂದ ಗೋಡೆಗೆ, ಗೋಡೆಯಿಂದ ಚಾವಣಿಗೆ ತೂಗಿತು. ಕಂಬಗಳ ಮೇಲೆ ನೆರಳಾಡಿತು. ಹಾಡು ತುಂಬ ದೂರದಿಂದ, ಆಳದಿಂದ ಬಂದಂತೆ ಕೇಳಿಸಿತು. ಬೆಂಚುಗಳಲ್ಲಿದ್ದವರೆಲ್ಲ ನಿಶ್ಚಲವಾದ ನೀರಿನೊಳಗೆ ಕುಳಿತು ಬಾಯಿ ತೆರೆದು ಮುಚ್ಚುತ್ತಿದ್ದಾರೆ, ಒಂದು ಕೂಸು ಮಾತ್ರ ದಡದಲ್ಲಿ ಮಲಗಿ ನಿದ್ರೆ ಹೋಗಿದೆ ಎಂದು ಅವರಿಗೆ ಅನಿಸಿತಂತೆ. ನೀರನ್ನು ಮಣ್ಣಿಗೆ ಸುರಿಯಲು ಕೈ ಏಳಲಿಲ್ಲ. ಸುರಿದರೆ ಕೆಲಸ ಮುಗಿದಂತೆ. ಹೇಳಿದರೆ ಕೆಲಸವೇ ಹೋದಂತೆ.

ಜನ ಚಹಾಕ್ಕೆ ಪಕ್ಕದ ಹಾಲಿಗೆ ಹೋದ ಮೇಲೆ ಅಯ್ಯನವರು ನಿಲುವಂಗಿ ಕಳಚಲು ಉಡುಪಿನ ಕೋಣೆಗೆ ಬಂದರು. ನೀರಮ್ಮ ನಡೆದದ್ದನ್ನು ಹೇಳಿದರು. ಅಯ್ಯನವರು ಖಾತ್ರಿಯೇ ಎಂದು ಎರಡು ಸಲ ಕೇಳಿದರು. ಗಂಟಿನ ವಿಷಯ ಕೇಳಿ ಕುರ್ಚಿಯಲ್ಲಿ ಕುಳಿತರು. ಇನ್ನೂರು ಜನ ನೋಡಿದ್ದರು. ದೀಕ್ಷಾಸ್ನಾನದ ದಾಖಲೆ ಪುಸ್ತಕದಲ್ಲಿ ಎರಡೂ ಹೆಸರಿಗೆ ಸಹಿ ಬಿದ್ದಿತ್ತು.

“ದೇವರಿಗೆ ಗೊತ್ತಿದೆಯಮ್ಮ, ಬಿಟ್ಬಿಡು” ಎಂದರು.

“ದೇವರಿಗೆ ಗೊತ್ತಿರೋದು ಸರಿ ಅಯ್ಯನವರೇ. ಆ ತಾಯಿಗೆ ಗೊತ್ತಿಲ್ಲವಲ್ಲ.”

ಅಯ್ಯನವರು ಕುರ್ಚಿಯಿಂದ ಎದ್ದರು. ಕಳಚಿದ ನಿಲುವಂಗಿಯನ್ನು ಮತ್ತೆ ತೊಟ್ಟು ಹಾಲಿನ ಕಡೆ ನಡೆದರು.

ಅಲ್ಲಿ ಅವರು ವಿಷಯ ತಿಳಿಸಿದೊಡನೆ ಮೊದಲು ಸೋದರಿಯರು ತಪ್ಪನ್ನು ಒಬ್ಬರ ಮೇಲೊಬ್ಬರು ಹಾಕಿದರು. ನೀನು ಕಿತ್ತುಕೊಂಡೆ ಎಂದು ದೊಡ್ಡವರು, ನೀನೇ ತಳ್ಳಿದೆ ಎಂದು ಚಿಕ್ಕವರು. ಅಜ್ಜಿ ಚಹಾದ ಲೋಟ ಕೆಳಗಿಟ್ಟು ಜಗಳಕ್ಕೆ ತಮ್ಮ ಪರಿಹಾರ ಸೂಚಿಸಿದರು: “ಒಂದಕ್ಕೆ ಎರಡು ಸಲ ಆಯ್ತಲ್ಲ, ಅದರಲ್ಲಿ ಅರ್ಧ ಇದಕ್ಕೆ ಬರ್ಕೊಂಡ್ಬಿಡಿ.”

“ಇದು ಔಷಧಿ ಅಲ್ಲ ಅಜ್ಜಿ, ಹೆಚ್ಚಾಯ್ತು ಅಂತ ಹಂಚೋಕೆ” ಎಂದರು ಅಯ್ಯನವರು. “ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯೋದು. ಒಂದೇ ಸಲ.” ಹಿರಿಯದಕ್ಕೆ ಮೊದಲು ಬಿದ್ದ ನೀರೇ ದೀಕ್ಷಾಸ್ನಾನ, ಎರಡನೆಯದು ಬರೀ ತಲೆ ತೊಳೆದಂತೆ, ಅದಕ್ಕೆ ಎರಡನೆಯ ಹೆಸರು ಅಂಟುವುದಿಲ್ಲ ಎಂದು ವಿವರಿಸಿದರು.

ತಾಯಿ ಇದಾವುದನ್ನೂ ಕೇಳುತ್ತಿರಲಿಲ್ಲ. ಕಿರಿಯದನ್ನು ತಮ್ಮ ಮಡಿಲಿಗೆ ತೆಗೆದುಕೊಂಡಿದ್ದರು. “ಈ ಮಧ್ಯೆ ಏನಾದ್ರೂ ಆಗಿದ್ದಿದ್ರೆ?” ಎಂದು ಕೇಳಿದರು.

ಅಯ್ಯನವರು ಅವರ ಎದುರಿನ ಬೆಂಚಿನಲ್ಲಿ ಕುಳಿತರು. “ನಮ್ಮ ಕೈತಪ್ಪಿಗೆ ದೇವರು ಮಗೂನ ಬಿಟ್ಟುಹೋಗ್ತಾನಾ ತಾಯಿ? ಅದು ಹುಟ್ಟೋಕೆ ಮೊದಲೇ ಅವನದು. ನೀರು ಹಾಕೋದು ನಾವು ಅದನ್ನ ಮರೀಬಾರದು ಅಂತ. ಇವತ್ತು ನಾನೇ ಮರೆತೆ.”

ನೀರಮ್ಮ ಅಷ್ಟರಲ್ಲಿ ಹಳೆಯ ನೀರನ್ನು ಮಣ್ಣಿಗೆ ಸುರಿದು ಹೊಸದನ್ನು ಒಲೆಯ ಮೇಲಿಟ್ಟಿದ್ದರು. ಹನ್ನೊಂದೂ ಕಾಲಿಗೆ ಹದಿನೈದು ಇಪ್ಪತ್ತು ಜನ ಮತ್ತೆ ತೊಟ್ಟಿಯ ಸುತ್ತ ನಿಂತರು. ಈ ಸಲ ಮಗುವನ್ನು ಹಿಡಿದವರು ತಾಯಿ. ಪ್ರಶ್ನೆಗಳನ್ನು ಮತ್ತೆ ಕೇಳಲಾಯಿತು, ಉತ್ತರಗಳನ್ನು ಮತ್ತೆ ಕೊಡಲಾಯಿತು. ಅಯ್ಯನವರು ಎಡಗೈಯಿಂದ ನೆತ್ತಿಯನ್ನು ಮುಟ್ಟಿ ನೋಡಿ, ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ಮೂರು ಸಲ ನೀರು ಹಾಕಿದರು. ಕೂಸು ಅಳಲಿಲ್ಲ. ಕಣ್ಣು ತೆರೆದು, ಚಾವಣಿಯ ಮೇಲೆ ತೂಗುತ್ತಿದ್ದ ಬೆಳಕಿನ ಕಡೆ ನೋಡಿತು.

ಕಮಿಟಿಯಲ್ಲಿ ಇಬ್ಬರು ಸದಸ್ಯರು, ಸೇವಕಿಯಾದವಳು ಸಭೆಯ ಮರ್ಯಾದೆ ಕಳೆದಳೆಂದು ಆಕ್ಷೇಪಿಸಿದ್ದು ನಿಜ. ತಪ್ಪು ತಮ್ಮದೆಂದು ಅಯ್ಯನವರು ಹೇಳಿದ ಮೇಲೆ ಚರ್ಚೆ ಮುಂದುವರಿಯಲಿಲ್ಲ. ವರ್ಷ ತುಂಬುವವರೆಗೆ ಕಾಯದೆ ಆಕೆಯನ್ನು ಖಾಯಂ ಮಾಡಿದರು. ಅಂದಿನಿಂದ ಪ್ರತಿ ದೀಕ್ಷಾಸ್ನಾನದಲ್ಲೂ ಆಶೀರ್ವಾದಕ್ಕೆ ಮುನ್ನ ಅಯ್ಯನವರು ನೀರಮ್ಮನ ಕಡೆ ನೋಡುವುದು, ಅವರು ತಲೆಯಾಡಿಸುವುದು ರೂಢಿಯಾಯಿತು. ನಾಲ್ಕನೆಯ ಅಯ್ಯನವರು ಇದು ಆರಾಧನಾ ಕ್ರಮದಲ್ಲಿ ಎಲ್ಲಿ ಬರೆದಿದೆ ಎಂದು ಪುಸ್ತಕವೆಲ್ಲ ಹುಡುಕಿದ್ದರು.

ಕೆಲಸ ದೇವಾಲಯದ ಒಳಗಷ್ಟೇ ನಿಲ್ಲಲಿಲ್ಲ. ಹಾಸಿಗೆ ಹಿಡಿದಿದ್ದ ಎಪ್ಪತ್ತೊಂದು ವರ್ಷದ ನಿವೃತ್ತ ಲಾರಿ ಚಾಲಕರೊಬ್ಬರು ದೀಕ್ಷಾಸ್ನಾನ ಬಯಸಿದಾಗ ನೀರಮ್ಮ ಫ್ಲಾಸ್ಕಿನಲ್ಲಿ ನೀರು ಒಯ್ದು, ಬೋಗುಣಿಗೆ ಸುರಿದು, ಅಲ್ಲಿಯೂ ಮೊಣಕೈ ಅದ್ದಿ ನೋಡಿದರು. ನಾನೇನು ಮಗುವೇ, ತಣ್ಣೀರಾದರೂ ನಡೆಯುತ್ತದೆ ಎಂದು ಚಾಲಕರು ರೇಗಿಸಿದರು. “ಇವತ್ತು ಹುಟ್ತಿರೋರು ನೀವು, ಸುಮ್ನಿರಿ” ಎಂದರು ನೀರಮ್ಮ. ಮುದುಕರು ನಕ್ಕರು, ಆಮೇಲೆ ನೀರು ಬೀಳುವಾಗ ಮಗುವಿನಂತೆಯೇ ಅತ್ತರು. ನೀರಮ್ಮ ತಲೆ ಒರೆಸಿದರು, ಅವರ ಕೈ ಹಿಡಿದು ಸಂಜೆಯವರೆಗೆ ಕುಳಿತರು. ಇಂಥ ಸಂಜೆಗಳು ಯಾವ ದಾಖಲೆಯಲ್ಲೂ ಇಲ್ಲ.

ನೀರಮ್ಮನವರ ಮೊಣಕಾಲಿನ ನೋವು ಕಡಿಮೆಯಾಗಲಿ, ಭಾನುವಾರದ ಬೆಳಿಗ್ಗೆ ಅವರು ಇನ್ನು ಮುಂದೆ ಬೆಂಚಿನಲ್ಲಿ ಕುಳಿತು ಆರಾಮವಾಗಿ ಹಾಡುವಂತಾಗಲಿ, ಹೊಸಬರಿಗೆ ನೀರಿನ ಹದ ಹೇಳಿಕೊಡಲು ಅವರಿಗೆ ಇನ್ನೂ ಬಹಳ ವರ್ಷ ಆಯುಸ್ಸು ಸಿಗಲಿ ಎಂಬುದು ಸಭೆಯವರೆಲ್ಲರ ಪ್ರಾರ್ಥನೆ.

ಓದುಗರು ಕೇಳಬಹುದಾದ ಒಂದು ಮಾತು ಉಳಿದಿದೆ. ಆ ಕಿರಿಯ ಮಗು ಬದುಕಿತು. ಅಕ್ಕನಿಗಿಂತ ಏಳು ತಿಂಗಳು ತಡವಾಗಿ ನಡೆದಳು.