ಪಟ್ಟಿಯಲ್ಲಿ ಬೆಳೆಯುತ್ತಿದ್ದ ಮಗಳು

ಗಂಡಸರೆಲ್ಲ ಕೆಲಸಕ್ಕೆ ಹೋದ ಮೇಲೆ ವಠಾರದ ಬಾಗಿಲಿಗೆ ಬರುವ ಕೂಗುಗಳನ್ನು ನೀವು ಎಂದಾದರೂ ಕಿವಿಗೊಟ್ಟು ಕೇಳಿದ್ದೀರಾ? ಹಲಸೂರು ಮಾರುಕಟ್ಟೆಯ ಹಿಂದಿನ ನಮ್ಮ ಗಲ್ಲಿಯಲ್ಲಿ ಸೊಪ್ಪಿನವಳದು ಕನ್ನಡ, ಮೀನಿನವಳದು ತಮಿಳು, ಹಳೇ ಪೇಪರಿನವನದು ಉರ್ದುವಿನಂಥದೊಂದು ರಾಗ. ಮದುವೆಯಾಗಿ ಕಲಬುರಗಿ ಸೀಮೆಯಿಂದ ಇಲ್ಲಿಗೆ ಬಂದ ಹೊಸತರಲ್ಲಿ ನನಗೆ ಗಡಿಯಾರವೇ ಬೇಕಿರಲಿಲ್ಲ. ಕೂಗು ಕೇಳಿ ಒಲೆಯ ಮೇಲೆ ಅನ್ನಕ್ಕಿಡುತ್ತಿದ್ದೆ. ಆದರೆ ತೊಂಬತ್ತರ ದಶಕದ ಕೊನೆಯ ಒಂದಷ್ಟು ತಿಂಗಳು, ಅವುಗಳಲ್ಲೊಂದು ಕೂಗಿಗೆ ಕೈಯಲ್ಲಿದ್ದ ಪಾತ್ರೆ ಕೈಯಲ್ಲೇ ನಿಂತುಬಿಡುತ್ತಿತ್ತು.

"ಮಗು ಇದೆಯಲ್ಲಮ್ಮಾ ಈ ಮನೇಲಿ?"

ಹಾಗೆ ಕೇಳುತ್ತಿದ್ದವರು ಲಸಿಕೆ ಹಾಕುವ ಸಿಸ್ಟರ್. ಹೆಗಲಲ್ಲಿ ಮಂಜುಗಡ್ಡೆಯ ಡಬ್ಬ, ಕೈಯಲ್ಲಿ ಮಡಚಿ ಮಡಚಿ ಮೆತ್ತಗಾದ ಪಟ್ಟಿ. ನಾನು ಏಳುವ ಮೊದಲೇ ಅತ್ತೆ ಬಾಗಿಲಿಗೆ ಅಡ್ಡ ನಿಂತು, "ಕೂಸು ಇಲ್ರೀ ಇಲ್ಲಿ, ಮುಂದ ಹೋಗ್ರಿ" ಎಂದು ಕಳಿಸಿಬಿಡುತ್ತಿದ್ದರು.

ಮಗು ಇರಲಿಲ್ಲ, ನಿಜ. ಎಂಟು ತಿಂಗಳು ತುಂಬಿ ಒಂಬತ್ತಕ್ಕೆ ಬಿದ್ದಾಗ ಹೊಟ್ಟೆಯೊಳಗಿನ ಓಡಾಟ ಒಮ್ಮೆಲೇ ನಿಂತುಹೋಗಿತ್ತು. ಶಿವಾಜಿನಗರದ ಕಡೆಯ ಒಂದು ಆಸ್ಪತ್ರೆಯಲ್ಲಿ ನೋವು ಬರಿಸಿ ಹೆರಿಗೆ ಮಾಡಿಸಿದರು. ಹೆಣ್ಣು ಎಂದರು, ಅಷ್ಟೇ. ಹಸಿ ಬಾಣಂತಿ ನೋಡಬಾರದೆಂದು ಅತ್ತೆ ಕೂಸನ್ನು ನನ್ನ ಬಳಿ ತರಗೊಡಲಿಲ್ಲ. ಜೊತೆಗೆ ಬಂದಿದ್ದ ಪಕ್ಕದ ಮನೆಯ ಸೆಲ್ವಿ ಅಕ್ಕ ಅದನ್ನು ಬಟ್ಟೆಯಲ್ಲಿ ಸುತ್ತಿ ನಮ್ಮವರ ಕೈಗಿಟ್ಟರು, ನಮ್ಮವರು ಮಣ್ಣು ಮಾಡಿ ಬಂದರು. ಆಮೇಲೆ ಮನೆಯಲ್ಲಿ ಆ ಮಾತೇ ಇಲ್ಲ. ಅತ್ತೆಯದು ಕಲ್ಲು ಮನಸ್ಸೆಂದು ನೀವು ತಿಳಿಯಬಾರದು. ನನಗೆ ನೀರು ಹಾಕುವ ಮುಂಚೆ, ಎಣ್ಣೆ ಹಚ್ಚಿದ ಬೆನ್ನಿಗೇ ಮತ್ತೆ ಮತ್ತೆ ಎಣ್ಣೆ ಹಚ್ಚುತ್ತ ಕೂರುತ್ತಿದ್ದರು. ಆಡದೇ ಇದ್ದರೆ ದುಃಖ ಬೇಗ ಆರುತ್ತದೆಂದು ನಂಬಿದ ಕಾಲದವರು ಅವರು.

ಒಂದು ದಿನ ಅತ್ತೆ ಅಂಗಡಿಗೆ ಹೋದಾಗ ಸಿಸ್ಟರ್ ಬಂದರು. ನಾನೇ ಬಾಗಿಲಿಗೆ ಹೋದೆ.

"ಹೆಣ್ಣು ಮಗು ಅಂತ ಲಿಸ್ಟಲ್ಲಿದೆ ನೋಡಮ್ಮ. ಮೂರೂವರೆ ತಿಂಗಳಾಯ್ತು, ಒಂದು ಚುಚ್ಚುಮದ್ದೂ ಆಗಿಲ್ಲ. ಊರಿಗೇನಾದ್ರೂ ಕಳಿಸಿದ್ದೀರಾ?"

ಹೇಳಿದೆ. ಆಕೆ ಡಬ್ಬ ಕೆಳಗಿಟ್ಟು ಹೊಸ್ತಿಲ ಮೇಲೆ ಕುಳಿತುಬಿಟ್ಟರು. "ಅಯ್ಯೋ, ಗೊತ್ತಿಲ್ದೆ ಎಷ್ಟು ಸಲ ಬಂದ್ಬಿಟ್ಟೆ. ಆಸ್ಪತ್ರೆಯವ್ರು ಬದುಕಿ ಹುಟ್ಟಿದ ಮಗು ಅಂತ ಬರ್ಕೊಂಡ್ಬಿಟ್ಟಿದ್ದಾರೆ. ಹೋಗಿ ಜನನದ ನೋಂದಣೀಲಿ ಸರಿ ಮಾಡಿಸ್ಕೊಳ್ಳಿ. ಹೆಣ್ಣು ಮಗು ಬೇರೆ, ನಾಳೆ ಯಾರಾದ್ರೂ ತಪ್ಪು ತಿಳ್ಕೋತಾರೆ."

ಸಂಜೆ ಇದನ್ನು ಕೇಳಿದ ನಮ್ಮವರ ಮುಖ ಬಿಳಿಚಿಕೊಂಡಿತು. "ಪೊಲೀಸ್ರು ಬಂದು ಕೂಸು ಎಲ್ಲ್ಯದ ಅಂತ ಕೇಳಿದ್ರ ಏನಂತ ಹೇಳಾದು? ರಜಾ ಹಾಕ್ತೀನಿ, ನಾಳೇನ ಹೋಗೋಣ."

ನಾನು ತಲೆಯಾಡಿಸಿದೆನೇ ಹೊರತು ಒಳಗೊಳಗೇ ಹಿಂದೆಗೆಯುತ್ತಿದ್ದೆ. ಗೆಳೆಯರೇ, ಮನಸ್ಸಿನ ವಿಚಿತ್ರವನ್ನು ಕೇಳಿ: ಆ ತಪ್ಪು ನನಗೆ ಪ್ರಿಯವಾಗಿತ್ತು. ಇಡೀ ಬೆಂಗಳೂರಿನಲ್ಲಿ ಒಂದೇ ಒಂದು ಕಾಗದದ ಮೇಲೆ ನನ್ನ ಮಗಳು ಬದುಕಿದ್ದಳು. ತಿಂಗಳು ತಿಂಗಳಿಗೂ ಬೆಳೆಯುತ್ತಿದ್ದಳು. ಅವಳಿಗೆ ಜ್ವರ ಬಾರದಿರಲೆಂದು ಸರ್ಕಾರವೇ ಯೋಚಿಸುತ್ತಿತ್ತು. ಈಗ ನಾನೇ ಹೋಗಿ, ನನ್ನ ಕೈಯಾರೆ ಅವಳನ್ನು ಅಲ್ಲಿಂದಲೂ ತೆಗೆಸಬೇಕು.

ಆಸ್ಪತ್ರೆಯಿಂದ ಪತ್ರ ಸಿಗಲು ಒಂದಿಷ್ಟು ಓಡಾಟವಾಯಿತು. ಯಾವುದೋ ಗಡಿಬಿಡಿಯಲ್ಲಿ ಗುರುತು ಹಾಕುವ ಕಡೆ ತಪ್ಪಾಗಿದೆಯೆಂದು ಅವರು ಬರೆದುಕೊಟ್ಟರು. ಮಗುವನ್ನು ಕಂಡವರೊಬ್ಬರು ಬಂದು ಹೇಳಬೇಕೆಂದಿದ್ದರಿಂದ ಸೆಲ್ವಿ ಅಕ್ಕನೂ ಹೊರಟರು. ಜನನ ಮರಣ ನೋಂದಣಿ ಕಚೇರಿಯಲ್ಲಿದ್ದವರು ನಡುವಯಸ್ಸಿನ ಹೆಂಗಸು, ದಣಿದ ಕಣ್ಣಿನವರು. ಪತ್ರ ಓದಿ ಅವರು ಲೇಖನಿ ಎತ್ತಿಕೊಂಡಾಗ ನನ್ನ ಬಾಯಿಂದ ಮಾತು ಹಾರಿತು.

"ಮೇಡಂ, ಹೊಡೆದುಹಾಕಿದ್ರೆ ಅವಳು ಇನ್ನೆಲ್ಲೂ ಇರೋದೇ ಇಲ್ವಾ?"

ಅವರು ಲೇಖನಿ ಕೆಳಗಿಟ್ಟರು. "ಹಾಗಲ್ಲಮ್ಮ. ಸತ್ತು ಹುಟ್ಟಿದ್ರೂ ಹುಟ್ಟಿದ್ದೇ. ಕಾನೂನಲ್ಲೂ ಅದನ್ನ ಜನನ ಅಂತಾನೇ ಅನ್ನೋದು, ಮರಣದ ಲೆಕ್ಕಕ್ಕೆ ಸೇರಿಸಲ್ಲ. ನಿರ್ಜೀವ ಜನನ ಅಂತ ಬೇರೆ ಬರ್ಕೋತೀವಿ. ತಾರೀಖು ಇರುತ್ತೆ, ಹೆಣ್ಣು ಅಂತ ಇರುತ್ತೆ, ತಾಯಿ ಅನ್ನೋ ಕಡೆ ನಿಮ್ಮ ಹೆಸರಿರುತ್ತೆ. ಅದನ್ನ ಯಾರೂ ತೆಗೆಯಲ್ಲ."

"ಅವಳ ಹೆಸರು?"

"ಅದಕ್ಕೆ ಜಾಗ ಇಲ್ಲಮ್ಮ." ಮತ್ತೆ ಅವರೇ ಅಂದರು, "ನೀವು ಇಟ್ಟಿದ್ರೆ ನಿಮ್ಮ ಹತ್ರ ಇರ್ಲಿ."

ಮುಂದೆ ಬಹಳ ವರ್ಷ ಇಂದಿರಾನಗರದ ಒಂದು ಶಾಲೆಯಲ್ಲಿ ಮಕ್ಕಳಿಗೆ ವ್ಯಾಕರಣ ಹೇಳಿದವಳು ನಾನು. ವಿಶೇಷಣದ ಪಾಠ ಬಂದಾಗಲೆಲ್ಲ 'ನಿರ್ಜೀವ ಜನನ' ಎಂಬ ಆ ಎರಡು ಪದ ನೆನಪಾಗುತ್ತಿದ್ದವು. ವಿಶೇಷಣ ಎಷ್ಟೇ ಕಠೋರವಾಗಿರಲಿ, ಅದಕ್ಕೆ ನಾಮಪದವನ್ನು ಅಳಿಸುವ ಶಕ್ತಿಯಿಲ್ಲ. ನಿರ್ಜೀವವೆಂಬ ಮಾತು ಇರಿಯುತ್ತಿತ್ತು, ಸುಳ್ಳಲ್ಲ. ಆದರೆ ಅದರ ಬೆನ್ನಿಗೇ ಜನನವೆಂಬುದು ನಿಂತಿತ್ತು. ನಾನು ಹಡೆದದ್ದು ಹೌದೆಂದು, ಮನೆಯಲ್ಲಿ ಯಾರೂ ಆಡದ ಮಾತನ್ನು ಗುರುತಿಲ್ಲದ ಹೆಂಗಸೊಬ್ಬಳು ಗಟ್ಟಿಯಾಗಿ ಆಡಿದ್ದಳು.

ಆಮೇಲೆ ಆ ಅಧಿಕಾರಿ ಸೆಲ್ವಿ ಅಕ್ಕನ ಕಡೆ ತಿರುಗಿದರು. "ನೀವು ಕಣ್ಣಾರೆ ನೋಡಿದ್ರಾ? ಮಗು ಅತ್ತಿತಾ, ಉಸಿರಾಡಿತಾ?"

"ಇಲ್ಲ ಮೇಡಂ, ಅಳ್ಲಿಲ್ಲ, ಉಸಿರೂ ಇಲ್ಲ. ನಾನೇ ಕೈಯಲ್ಲಿ ಇಟ್ಕೊಂಡಿದ್ನಲ್ಲ." ಅಕ್ಕ ಎರಡೂ ಕೈ ಜೋಡಿಸಿ ತೊಟ್ಟಿಲು ಮಾಡಿ ತೋರಿಸಿದರು. "ತಲೆ ತುಂಬ ಕೂದ್ಲು ಮೇಡಂ, ಕಪ್ಪಗೆ. ಮೂಗು ಅಂದ್ರೆ ಇವ್ಳದೇ ಮೂಗು. ಒಂದು ಕೈ ಕೆನ್ನೆ ಕೆಳಗೆ ಹಿಂಗೆ ಇಟ್ಕೊಂಡಿತ್ತು, ಪಾಪ, ನಿದ್ದೆ ಮಾಡೋ ಥರ."

ಅಧಿಕಾರಿಗೆ ಬೇಕಿದ್ದುದು ಮೊದಲ ಮಾತಷ್ಟೇ. ಉಳಿದದ್ದೆಲ್ಲ ನನ್ನ ಪಾಲಿಗೆ ಬಂತು. ಅಲ್ಲಿಯವರೆಗೆ ನನ್ನ ದುಃಖಕ್ಕೆ ಮುಖವೇ ಇರಲಿಲ್ಲ. ಆ ಕಚೇರಿಯ ಬೆಂಚಿನ ಮೇಲೆ ಅದಕ್ಕೆ ಕೂದಲು ಬಂತು, ಮೂಗು ಬಂತು, ಕೆನ್ನೆಗಿಟ್ಟ ಪುಟ್ಟ ಕೈ ಬಂತು. ಸೆರಗು ಬಾಯಿಗೊತ್ತಿಕೊಂಡು ಅತ್ತುಬಿಟ್ಟೆ. ಯಾರೂ ಸುಮ್ಮನಿರೆನ್ನಲಿಲ್ಲ.

ಸಹಿ ಹಾಕಿ ಹೊರಗೆ ಬಂದು ಬಸ್‌ಸ್ಟ್ಯಾಂಡಿನ ಬಳಿ ಚಹಾ ಕುಡಿಯುತ್ತಿದ್ದಾಗ ನಮ್ಮವರು ನೆಲ ನೋಡುತ್ತ ಕೇಳಿದರು. "ಅಕ್ಕ, ಕೂದ್ಲು ಅಷ್ಟು ಇದ್ವೇನ್ರೀ?"

"ನೀವೇ ಎತ್ಕೊಂಡು ಹೋದ್ರಲ್ಲ ಅಣ್ಣ?"

"ಬಟ್ಟಿ ತೆಗೀಲಿಲ್ಲಕ್ಕ. ಧೈರ್ಯ ಆಗಲಿಲ್ಲ."

ಸೆಲ್ವಿ ಅಕ್ಕ ಅದೆಲ್ಲವನ್ನೂ ಇನ್ನೊಮ್ಮೆ ಮೊದಲಿನಿಂದ ಹೇಳಿದರು. ನಾವಿಬ್ಬರೂ ಮೊದಲ ಬಾರಿಗೆ ಒಂದೇ ಮಗುವಿನ ತಂದೆತಾಯಿಯಂತೆ ಕುಳಿತು ಕೇಳಿದೆವು. ಹಲಸೂರಿಗೆ ಬರುವ ಬಸ್ಸಿನಲ್ಲಿ ಅವರು ನನ್ನ ಭುಜಕ್ಕೊರಗಿ ನಿದ್ದೆಹೋದರು. ಎಷ್ಟೋ ತಿಂಗಳಿಂದ ಬಿಗಿಹಿಡಿದಿದ್ದ ಉಸಿರನ್ನು ಕಿಟಕಿಯ ಗಾಳಿಗೆ ಬಿಟ್ಟಂತೆ ನನಗೂ ಎದೆ ಹಗುರಾಗಿತ್ತು. ಪಟ್ಟಿಯಲ್ಲಿ ಬೆಳೆಯುತ್ತಿದ್ದ ಮಗಳು ನನ್ನವಳಾಗಿರಲಿಲ್ಲ. ಕೆನ್ನೆಯಡಿ ಕೈಯಿಟ್ಟು ಮಲಗಿದವಳು ನನ್ನವಳು.

ಎರಡು ಸಾವಿರದ ಇಸವಿ ದಾಟಿದ ಮೇಲೆ ನಾನು ಮತ್ತೆ ಬಸುರಿಯಾದೆ. ಹೆರಿಗೆಗೆ ಸೇರಿಸುವಾಗ ನರ್ಸ್ ತಲೆಯೆತ್ತದೆ ಕೇಳಿದರು: "ಎಷ್ಟನೇ ಹೆರಿಗೆ?"

"ಚೊಚ್ಚಲ ರೀ" ಎಂದರು ಅತ್ತೆ, ಥಟ್ಟನೆ.

"ಎರಡನೇದು" ಎಂದೆ ನಾನು.

ನರ್ಸ್ ಯಾವುದನ್ನು ಬರೆಯಲೆಂದು ಇಬ್ಬರನ್ನೂ ನೋಡಿದರು. ಅತ್ತೆ ನನ್ನ ಕಡೆಗೊಮ್ಮೆ ನೋಡಿ, ಜಾರಿದ ಸೆರಗನ್ನು ತಲೆಯ ಮೇಲೆಳೆದುಕೊಂಡು ಮೇಜಿನ ಹತ್ತಿರ ಸರಿದರು.

"ಆಕಿ ಹೇಳಿದ್ದ ಖರೇ ಅದ, ಬರೀರಿ" ಎಂದರು. "ಮೊದಲನೇದು ಹೆಣ್ಣಿತ್ರೀ. ನಾನೂ ನೋಡೀನ್ರೀ, ತಲಿ ತುಂಬ ಕೂದ್ಲಿದ್ವು."