ನಮ್ಮತ್ತಿ ಕಲಸಿದ ಹೆಸರುಹಿಟ್ಟು

ನಮ್ಮತ್ತಿ ಗ್ಯಾನಮ್ಮನ ಕೈಯಾಗ ಜಳಕ ಮಾಡಿಸಿಕೊಂಡವರನ್ನ ಯಾರನ್ನರ ಕೇಳ್ರಿ, ಬೆನ್ನು ಮುಟ್ಟಿ ನೋಡ್ಕೋತಾರ. ನನ್ನ ಗಂಡ ಭೀಮೇಶ ಈಗ ಆಟೋ ಓಡಸ್ತಾನ, ಎರಡು ಮಕ್ಕಳ ತಂದಿ. ಆದ್ರೂ ಅವ್ವ ಬಚ್ಚಲ ಕಡಿ ಬಂದ್ಲಂದ್ರ ಒಳಗ ಚಿಲಕ ಹಾಕ್ಕೋತಾನ. ಆಕಿ ತಿಕ್ಕೋದಂದ್ರ ಹಂಗ. ಚರ್ಮ ಕೆಂಪಾಗಬೇಕು, ಉರಿಬೇಕು. ‘ಉರಿಯಾಕತ್ತೈತಿ ಅಂದ್ರ ಹೊಲಸು ಬಿಡಾಕತ್ತೈತಿ, ಸುಮ್ಕ ಕುಂದ್ರಲೇ’ ಅಂತಿದ್ಲು.

ಆಕಿ ಹುಟ್ಟಿದ್ದು ವಳಕಮದಿನ್ನ್ಯಾಗ, ಕೊಟ್ಟಿದ್ದು ನಮ್ಮೂರು ಗೊರೇಬಾಳಕ್ಕ. ಅಲ್ಲೂ ಕಾಲುವಿ ನೀರು, ಇಲ್ಲೂ ಕಾಲುವಿ ನೀರು, ಎರಡೂ ಕಡಿ ಭತ್ತ. ಹಂಗಾಗಿ ಆಕಿ ಆಯುಷ್ಯದಾಗ ಅರ್ಧ ಕೆಸರಿನ್ಯಾಗ ಬಗ್ಗಿ ನಾಟಿ ಹಚ್ಚೋದ್ರಾಗ ಹೋಗೈತಿ. ಆಕಿ ಹಚ್ಚಿದ ಸಾಲು ನೋಡಿ ಉಳಿದ ಹೆಣ್ಮಕ್ಕಳು ಹಚ್ಚಬೇಕು, ಅಷ್ಟು ನೆಟ್ಟಗ. ಬಾಯಿನೂ ಅಷ್ಟ ಜೋರು ಬಿಡ್ರಿ. ಮದುವಿಯಾಗಿ ಬಂದ ಹೊಸದಾಗ ನಾ ಒಲಿ ಮುಂದ ಕುಂತು ಅತ್ತೀನಿ, ಹೊಗಿ ಅಂತ ಸುಳ್ಳು ಹೇಳೀನಿ.

ಮಸ್ಕ್ಯಾಗ ಶೇಖರಮ್ಮನವರ ಬ್ಯೂಟಿ ಪಾರ್ಲರ್ ಐತಿ. ನಾ ಅಲ್ಲಿ ಕೆಲಸಕ್ಕ ಹೊಂಟಾಗ ನಮ್ಮತ್ತಿ ಸೊಂಟದ ಮ್ಯಾಲೆ ಕೈ ಇಟ್ಟು ನಿಂತಳು.

‘ಮಂದಿ ಮಾರಿ ತೊಳಿಯಾಕ ಬಸ್ ಹತ್ತಿ ಹೋಗ್ಬೇಕೇನ್ಬೇ ಪಂಪಿ? ನಮ್ಮನ್ಯಾಗ ಯಾರಿಗೂ ಮಾರಿ ಇಲ್ಲೇನು?’

‘ಬಸ್ ಫ್ರೀ ಐತ್ರಿ ಅತ್ತಿ.’

‘ಹಂಗಂದ್ರ ಹೋಗು’ ಅಂದ್ಲು.

ಆ ಕೆಲಸ ನನಗ ಜೀವ. ಹತ್ತನೇತ್ತ ಫೇಲಾದಾಕಿ ನಾ, ಸಾಲ್ಯಾಗ ಯಾವ ಮಾಸ್ತರೂ ನನ್ನ ಹೆಸರು ನೆನಪಿಟ್ಟಿರಲಿಲ್ಲ. ಪಾರ್ಲರಿನ್ಯಾಗ ಹೆಣ್ಮಕ್ಕಳು ‘ಪಂಪಾವತಿ ಇದ್ದಾಳೇನ್ರಿ? ಆಕಿ ಕೈ ಛಲೋ ಐತಿ’ ಅಂತ ಕೇಳ್ಕೊಂಡು ಬರಾಕತ್ತಿದ್ರು. ಆ ಮಾತು ಕೇಳಿದ ದಿನ ನಾ ಬಸ್ಸಿನ್ಯಾಗ ಒಬ್ಬಾಕಿನ ನಕ್ಕೋತ ಬಂದೀನಿ.

ಕೆಡಬೇಕಂದ್ರ ಆ ಕೈನ ಕೆಟ್ಟುವು. ಮುಂಜಾನಿಂದ ಸಂಜಿತನಕ ಶಾಂಪು, ಸಾಬೂನು, ಮ್ಯಾಲೆ ಬೋರಿನ ಗಡಸು ನೀರು. ಮದ್ಲು ಬೆರಳಸಂದಿ ಕೆಂಪಾದ್ವು, ಆಮ್ಯಾಲೆ ಬಿರಕ್ ಬಿಟ್ಟು ರಕ್ತ ಬರಾಕತ್ತಿತು. ಒಬ್ಬ ಮದಮಗಳು ಕುರ್ಚಿ ಮ್ಯಾಲಿಂದ ಎದ್ದು ‘ಈಕಿ ಕೈ ನನ್ನ ಮಾರಿಗೆ ಬ್ಯಾಡ್ರಿ’ ಅಂದಳು. ನೆಲ ಬಾಯಿ ಬಿಡಬಾರದೇನು ಅನಿಸಿತು. ಶೇಖರಮ್ಮನವರು ಒಳ್ಳೆಯವರು, ಆದ್ರ ಅಂಗಡಿ ನಡಿಬೇಕಲ್ಲ. ‘ಬೈಯಾಕತ್ತಿಲ್ಲವ್ವ. ಕೈ ಆರಾಮ ಮಾಡ್ಕೊಂಡು ಬಾ. ದೀಪಾವಳಿ ದಾಟಿದ್ರ ಲಗ್ನದ ಸೀಜನ್ನು. ಅಷ್ಟರಾಗ ಆಗಲಿಲ್ಲಂದ್ರ ನಾ ಬ್ಯಾರೆಯವರನ್ನ ನೋಡ್ಬೇಕಾಕ್ಕೈತಿ’ ಅಂದ್ರು.

ಲಿಂಗಸುಗೂರಿನ ಚರ್ಮದ ಡಾಕ್ಟರ್ ಮುಲಾಮು ಬರದು, ಸಾಬೂನಿನ ಕ್ಷಾರ ನಿನಗ ಆಗಿಬರಂಗಿಲ್ಲ, ವಾಸನಿ ಇಲ್ಲದ್ದು, ಮೆತ್ತನ್ನದು ಏನರ ಹಚ್ಚಿ ತೊಳಕೋ ಅಂದ್ರು. ಮನಿಗೆ ಬಂದು ಕಟ್ಟಿ ಮ್ಯಾಲೆ ಕುಂತು ಜೋರಾಗಿ ಅತ್ತೆ. ಆ ಸಲ ಹೊಗಿ ಅಂತ ಹೇಳಲಿಲ್ಲ. ನಮ್ಮತ್ತಿ ಭೀಮೇಶನ ಹಳೇ ಅಂಗಿ ಸೀರಿ ಮ್ಯಾಲೆ ಹಾಕ್ಕೊಂಡು ಆಗಷ್ಟ ನಾಟಿಯಿಂದ ಬಂದಿದ್ಲು. ನಮ್ಮ ಕಡಿ ಗದ್ದಿಗೆ ಹೋಗೋ ಹೆಣ್ಮಕ್ಕಳೆಲ್ಲ ಹಂಗ, ಗಂಡಸರ ತುಂಬುತೋಳಿನ ಅಂಗಿ ಹಾಕ್ಕೋತಾರ.

‘ಮೆತ್ತನ್ನದು ತಾನ? ನಾ ಮಾಡಿ ಕೊಡ್ತೀನಿ ತಡಿ. ಅದಕ್ಯಾಕ ಊರು ಕೇಳೋಹಂಗ ಅಳ್ತಿ’ ಅಂದ್ಲು.

ಗಿರಣ್ಯಾಗ ಹೆಸರುಕಾಳು ಬೀಸಿಸಿದ್ಲು, ಅಂಟವಾಳಕಾಯಿ ಒಣಗಿಸಿ ಕುಟ್ಟಿದ್ಲು, ಚೂರು ಅರಿಷಿಣ ಹಾಕಿದ್ಲು. ಎಲ್ಲಾ ಕಲಸಿ ಡಬ್ಬಿ ತುಂಬಿ ಕೊಟ್ಟಳು. ನಾ ಖುಷಿಲೇ ಅಂಗೈಯಾಗ ಹಾಕ್ಕೊಂಡು ನೀರು ಬಿಟ್ಟೆ. ಹಳದಿ ಹಿಟ್ಟು ಕಣ್ಮುಂದನ ಕೆಂಪಗಾತು! ಅರಿಷಿಣಕ್ಕ ಸುಣ್ಣ ಕೂಡಿಸಿದ್ರ ಆಕ್ಕೈತಲ್ಲ, ಥೇಟ್ ಹಂಗ. ಹಿಂದಿಂದನ ಬಿರುಕಿನ್ಯಾಗ ಇಳಿದು ಉರಿ ಹತ್ತಿತು ನೋಡ್ರಿ, ಜೀವ ಬಾಯಿಗೆ ಬಂತು.

‘ಅತ್ತಿ, ಏನ್ ಹಾಕೀರಿ ಇದಕ್ಕ?’

‘ಏನಿಲ್ಲಬೇ. ಬರೇ ಹಿಟ್ಟು ಹಚ್ಚಿದ್ರ ಹೊಲಸು ಹೆಂಗ ಹೋಗಬೇಕು? ಸವಳು ಮಣ್ಣು ಒಂದ್ ಹಿಡಿ ಹಾಕೀನಿ.’

ಕಾಲುವಿ ನೀರು ನಿಂತು ನಿಂತು ಕೆಟ್ಟ ಹೊಲದಾಗ ಬ್ಯಾಸಿಗ್ಯಾಗ ಬೆಳ್ಳಗ ಉಪ್ಪಿನಂಗ ಪುಡಿ ಏಳತೈತಿ. ಅದ ಸವಳು. ಆಕಿ ಸಣ್ಣಾಕಿದ್ದಾಗ ಊರ ಬಟ್ಟಿ ಎಲ್ಲಾ ಆ ಮಣ್ಣಿನ ನೀರಾಗ ನೆನಿಸಿ ಒಗಿತಿದ್ರಂತ. ಡಬ್ಬ್ಯಾಗ ತುಂಬಿ ಇಟ್ಟಿದ್ಲು, ಈಗ ನನಗ ಉಪಯೋಗಕ್ಕ ಬಂತು.

‘ನಾ ಏನ್ ಧೋತ್ರ ಏನ್ರಿ, ಸವಳಿನ್ಯಾಗ ನೆನಿಸಾಕ?’ ಅಂತ ಒದರಿದೆ. ನಮ್ಮತ್ತಿ ನನ್ನ ಕೈ ಹಿಡಿದು ಬೋಗಾಣಿ ನೀರಾಗ ಅದ್ದಿಕೊಂಡು ಭಾಳ ಹೊತ್ತು ಕುಂತಳು.

ಮರುದಿನ ನೋಡಿದ್ರ ಅಂಗಳದಾಗ ಬಟ್ಟಲಾ ಹರವಿಕೊಂಡಾಳ. ಒಂದ್ರಾಗ ಸಾಬೂನಿನ ನೀರು, ಒಂದ್ರಾಗ ಸೋಡಾ, ಒಂದ್ರಾಗ ಒಲಿ ಬೂದಿ, ಒಂದ್ರಾಗ ಹೆಸರುಹಿಟ್ಟು. ಎಲ್ಲಾದಕ್ಕೂ ಚಿಟಿಕಿ ಅರಿಷಿಣ ಬಿಟ್ಟಳು, ಎಲ್ಲಾ ಕೆಂಪಾದ್ವು. ಬರೇ ಹೆಸರುಹಿಟ್ಟಿನ ಬಟ್ಟಲಾ ಹಳದಿ ಉಳೀತು.

‘ಕೆಂಪಾದದ್ದು ನಿನ್ನ ಕೈಗೆ ಮುಟ್ಟಂಗಿಲ್ಲ. ತಿಳೀತಿಲ್ಲ?’ ಅಂದ್ಲು, ನಾನ ಸವಳು ಹಾಕಿದಾಕಿ ಅನ್ನೋಹಂಗ.

ಹಳದಿ ಉಳಿದದ್ದೆಲ್ಲ ನಡೀತಿತ್ತು ಅಂತಲ್ಲ. ನಿಂಬಿಸಿಪ್ಪಿ ಪುಡಿ ಹಾಕಿ ನೋಡಿದ್ಲು, ಹಳದಿನ ಇತ್ತು, ಆದ್ರ ‘ಚುರುಗುಡ್ತೈತಿ’ ಅಂತ ಚೆಲ್ಲಿದ್ಲು. ಅಂಟವಾಳ ಹೆಚ್ಚಾದ್ರ ಚರ್ಮ ಬಿಗಿತೈತಿ ಅಂದ್ಲು. ಹಿಟ್ಟು ದಪ್ಪಾದ್ರ ಕೆರೀತೈತಿ ಅಂತ ತೆಳ್ಳನ್ನ ಹಳೇ ಸೀರಿ ಸೆರಗಿನ್ಯಾಗ ಸೋಸಾಕತ್ತಿದ್ಲು. ನುಣುಪಿಗೆ ಅಕ್ಕಿಹಿಟ್ಟು ಕೂಡಿಸಿದ್ಲು. ನಾ ಕೈ ಚಾಚಿದ್ರ ‘ಇನ್ನೂ ಆಗಿಲ್ಲ’ ಅಂತಿದ್ಲು.

‘ಹಚ್ಚಿ ನೋಡದ ನಿಮಗ ಹೆಂಗ ಗೊತ್ತಾಕ್ಕೈತಿ?’

‘ನಿನಗ್ಯಾಕಬೇ ಅದು? ಹೋಗು, ರೊಟ್ಟಿ ಹೊತ್ತೀತು.’

ನಾಟಿ ಮುಗಿದು ಭಾಳ ದಿನ ಆಗಿದ್ರೂ ಮನ್ಯಾಗ ಆ ಅಂಗಿ ಬಿಚ್ಚಿರಲಿಲ್ಲ. ಅಷ್ಟು ಶೆಕಿಯಾಗೂ ತೋಳಿನ ಗುಂಡಿ ಹಾಕ್ಕೊಂಡ ಅಡ್ಡಾಡ್ತಿದ್ಲು. ವಯಸ್ಸಾತು, ಒಂದೊಂದು ಹಟ ಇರತೈತಿ ಅಂತ ನಾ ಬಿಟ್ಟೆ.

ಕಡೀಕೊಮ್ಮೆ ಒಂದಿನ ತಾನಾಗೇ ಡಬ್ಬಿ ತಂದು ನನ್ನ ಮುಂದ ಇಟ್ಟಳು. ನೀರು ಬಿಟ್ಟೆ, ಹಳದಿ. ತಿಕ್ಕಿದೆ, ತಣ್ಣಗ ಇತ್ತು. ಡಾಕ್ಟರ ಮುಲಾಮು, ನಮ್ಮತ್ತಿ ಹಿಟ್ಟು, ಎರಡೂ ಕೂಡಿ ನನ್ನ ಕೈನ ನನಗ ವಾಪಸ್ ಕೊಟ್ಟುವು. ದೀಪಾವಳಿ ಮುಂದಿದ್ದಂಗನ ಶೇಖರಮ್ಮನವರು ನನ್ನ ಕೈ ಹೊಳ್ಳಿಸಿ ಮಳ್ಳಿಸಿ ನೋಡಿ, ಏಪ್ರನ್ ತಂದು ಮಡಲಾಗ ಹಾಕಿದ್ರು. ‘ಇದನ್ನ ಮಾಡಿದಾಕಿನ್ನ ಕರಕೊಂಡು ಬಾ. ಸಾಬೂನು ತಡಿಯದವರು ನಮ್ಮಲ್ಲಿ ಭಾಳ ಮಂದಿ ಬರ್ತಾರ’ ಅಂದ್ರು.

ನಮ್ಮತ್ತಿ ಮಗನ ಆಟೋದಾಗ ಬಂದ್ಲು. ಹಸಿರು ಸೀರಿ, ಗಿಡ್ಡ ತೋಳಿನ ಕುಬಸ. ‘ಅಯ್ಯ, ಬ್ಯಾಡ’ ಅಂದ್ರೂ ಬಿಡದ ಕುರ್ಚಿ ಮ್ಯಾಲೆ ಕುಂಡ್ರಿಸಿದೆ. ಮಾರಿಗಂತ ಅಂಟವಾಳ ಬಿಟ್ಟು ಆಕೀನ ಕಲಸಿದ್ದ ಹಿಟ್ಟು ತಗೊಂಡು ಹಚ್ಚಾಕತ್ತಿದೆ. ಜಲ್ಮೆಲ್ಲಾ ಮಂದಿ ಮೈ ತಿಕ್ಕಿದಾಕಿ, ತನ್ನ ಮಾರಿ ಇನ್ನೊಬ್ಬರ ಕೈಯಾಗ ಕೊಟ್ಟದ್ದು ಅದ ಮದ್ಲು. ಗಟ್ಟಿಯಾಗಿ ಕಣ್ಣು ಮುಚ್ಚಿದ್ಲು.

ಆಗ ಆಕಿ ತೋಳು ಕಂಡ್ವು. ಮೊಣಕೈ ಒಳಮಗ್ಗಲಿಂದ ಮಣಿಕಟ್ಟಿನತನಕ ಕಪ್ಪು ಕಲೆ, ಕೆಲವು ಇನ್ನೂ ಕೆಂಪು. ಒಂದರ ಪಕ್ಕ ಒಂದು, ನಾಟಿ ಹಚ್ಚಿದಂಗ ನೆಟ್ಟಗ ಸಾಲು.

‘ಇದೇನ್ರಿ ಅತ್ತಿ?’

‘ಸೊಳ್ಳಿ ಕಡದಾವು.’

‘ಹಿಂಗ ಸಾಲು ಹಿಡಿದು ಕಡಿಯೋ ಸೊಳ್ಳಿ ನಾ ನೋಡಿಲ್ರಿ.’

ಆಕಿ ಕಣ್ಣು ತೆಗಿಲಿಲ್ಲ. ‘ನಿನ್ನ ಕೈ ಒಮ್ಮೆ ಸುಟ್ಟೀನಿ. ಇನ್ನೊಮ್ಮೆ ಸುಡಬೇಕಿತ್ತೇನು?’ ಅಂದ್ಲು.

ನನಗ ತಡಿಲಿಲ್ಲ. ಹೆತ್ತವ್ವ ಇದ್ದಿದ್ರೂ ಇದಕ್ಕಿಂತ ಹೆಚ್ಚಿಂದೇನು ಮಾಡ್ತಿದ್ಲು? ಹಿಟ್ಟಿನ ಕೈಲೇ ಆಕಿ ಎರಡೂ ಗಲ್ಲ ಹಿಡಕೊಂಡು ನಿಂತೆ. ಕಣ್ಣೀರು ತಟ ತಟ ಆಕಿ ಮಾರಿ ಮ್ಯಾಲೆ ಬೀಳಾಕತ್ತಿತು.

‘ಉರಿಯಾಕತ್ತೈತೇನ್ರಿ ಅತ್ತಿ?’ ಅಂತ ಕೇಳಿದೆ.

‘ಹಿಟ್ಟೇನು ಉರಿಯಂಗಿಲ್ಲ’ ಅಂದ್ಲು, ಒಂದ ಕಣ್ಣು ತೆಗದು. ‘ನೀ ಮ್ಯಾಲಿಂದ ಉಪ್ಪುನೀರು ಸುರ್ಯಾಕತ್ತೀಯಲ್ಲಬೇ, ಅದ ಉರಿತೈತಿ. ಒರಸು ಮದ್ಲು.’